ಬರುವಾಗ ಮರಳು ತನ್ನಿ

ಪ್ರೀತಿಯ ಅತ್ತಿಗೆ,

ಭಾನುವಾರ ಬರುತ್ತೀರೆಂದು ತಿಳಿಯಿತು. ಬರುವಾಗ ಒಂದು ಚೀಲ ದಪ್ಪ ಮರಳು ತನ್ನಿ. ಅಡುಗೆ ನಾನು ಮಾಡಿರುತ್ತೇನೆ.

ಮರಳು ನಿಮ್ಮ ತಮ್ಮನ ಗಿಡಕ್ಕೆ. ಅದೇ, ಮೈಯೆಲ್ಲ ಮುಳ್ಳು, ತಲೆಯ ಮೇಲೆ ಮಾತ್ರ ತಾಳೆಮರದ ಹಾಗೆ ಎಲೆ. ಇವರು ಹೋದ ಮೇಲೆ ಎಲೆಗಳೆಲ್ಲ ಉದುರಿದವು. ಚಳಿಗಾಲದಲ್ಲಿ ಅದು ಎಲೆ ಉದುರಿಸಿ ಮಲಗುತ್ತದೆ, ಆಗ ನೀರು ಹಾಕಬಾರದು. "ನಿನ್ನ ಹಾಗೇ ಕಣೇ, ಚಳೀಲಿ ಮಾತಾಡಿಸ್ಬಾರ್ದು" ಎಂದು ಇವರು ನಗುತ್ತಿದ್ದರು. ನನಗದು ಗೊತ್ತಿತ್ತು. ಆದರೆ ನನ್ನನ್ನು ನೋಡಲು ಬಂದವರು ಏನು ಹೇಳಬೇಕೆಂದು ತೋಚದೆ, "ಅಯ್ಯೋ, ಇದೂ ಒಣಗೋಯ್ತಲ್ಲಮ್ಮಾ" ಎಂದು, ಕುಡಿದು ಉಳಿದ ನೀರನ್ನು ಕುಂಡಕ್ಕೆ ಸುರಿದು ಹೋಗುತ್ತಿದ್ದರು. ಬೇಡ ಅನ್ನುವಷ್ಟು ಶಕ್ತಿ ನನಗಿರಲಿಲ್ಲ.

ಬುಡ ಮೆತ್ತಗಾಯಿತು. ಹೋದ ವಾರ ಗಿಡ ಕಿತ್ತು, ಕೊಳೆತದ್ದನ್ನು ಕತ್ತರಿಸಿ, ಗಾಯ ಒಣಗಲೆಂದು ಕಿಟಕಿಯ ಬಳಿ ಮಲಗಿಸಿದ್ದೇನೆ. ಇನ್ನು ಮರಳಿನಲ್ಲಿ ನೆಡಬೇಕು. ಬದುಕಿದರೆ ಬದುಕೀತು.

ನೆಡುವಾಗ ಇವರು ಕಾಂಡಕ್ಕೆ ಹಳೆಯ ಟವೆಲ್ ಸುತ್ತಿ ನೆಟ್ಟಗೆ ಹಿಡಿದುಕೊಳ್ಳುತ್ತಿದ್ದರು, ನಾನು ಸುತ್ತ ಮಣ್ಣು ತುಂಬುತ್ತಿದ್ದೆ. ಟವೆಲ್ ಇದೆ. ಹಿಡಿದುಕೊಳ್ಳಲು ಒಬ್ಬರು ಬೇಕು.

ಇಂತಿ,
ನಿಮ್ಮ ತಮ್ಮನ ಹೆಂಡತಿ