ಊರ ಮಣ್ಣಿನ ಮೇಲೆ ಆಡುವವರು

ನಾಗಮಂಗಲ
ಫೆಬ್ರವರಿ 30, 2231

ಪೂಜ್ಯರಾದ ಇಂದ್ರಕಲಾ ಅಜ್ಜಿಯವರಿಗೆ ಕೆಂಪಾಜಿಯ ನಮಸ್ಕಾರಗಳು.

ತಾರೀಖು ನೋಡಿ ಕಾಗದವನ್ನು ಮುದುರಿ ಎಸೆಯಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಜುಲೈಯಿಂದ ಒಂದನ್ನೂ ಆಗಸ್ಟಿನಿಂದ ಒಂದನ್ನೂ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ಯಾಕೆ ಕೊಟ್ಟರು, ಅದರಿಂದ ಯಾರಿಗೆ ಲಾಭವಾಯಿತು ಎಂದು ಬಹಳ ದಿನ ಯೋಚಿಸಿದ್ದೇನೆ, ಉತ್ತರ ಸಿಕ್ಕಿಲ್ಲ. ನಿಮ್ಮನ್ನು ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮೆಯಿರಲಿ. ನೀವಿನ್ನೂ ಇಪ್ಪತ್ತೆಂಟರ ಹೆಣ್ಣುಮಗಳು, ಹೈಸ್ಕೂಲಿನ ಪಿ.ಟಿ. ಮೇಡಂ, ಕೊರಳಿಗೆ ವಿಷಲ್ ಬಿಟ್ಟರೆ ಬೇರೇನೂ ಬಿದ್ದಿಲ್ಲ ಎಂಬುದು ನನಗೆ ಗೊತ್ತು. ನಾನು ನಿಮಗಿಂತ ಏಳು ತಲೆ ಕೆಳಗಿನವಳು, ವಯಸ್ಸು ಅರವತ್ತು ದಾಟಿದೆ. ನನಗಿಂತ ಚಿಕ್ಕವರನ್ನು ಅಜ್ಜಿ ಎನ್ನುವುದಕ್ಕೆ ನನಗೂ ನಾಲಿಗೆ ತಡವರಿಸುತ್ತದೆ. ನೀವು ಯಾರನ್ನು ಮದುವೆಯಾಗುತ್ತೀರಿ ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವು ಬೇಡವೆಂದುಬಿಟ್ಟೀರಿ, ಆಮೇಲೆ ಈ ಕಾಗದ ಬರೆಯಲು ನಾನೇ ಇರುವುದಿಲ್ಲ.

ಇದು ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಆಗಿಹೋದವರಿಗೆ ಬರೆಯುವ ಅಂಚೆ. ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಕಾಗದ, ಅದೂ ಸ್ವಂತ ಹಿರಿಯರಿಗೆ ಮಾತ್ರ. ಅದು ನಿಜಕ್ಕೂ ತಲುಪುತ್ತದೆಯೋ ಅಥವಾ ಅಂಚೆಯವರು ಒಲೆಗೆ ಹಾಕಿ ಕಾಫಿ ಕಾಸಿಕೊಳ್ಳುತ್ತಾರೋ ಕಂಡವರಿಲ್ಲ. ಜನ ಸಾಮಾನ್ಯವಾಗಿ ಆ ಹೊಲ ಮಾರಬೇಡಿ, ಈ ಸಂಬಂಧ ಮಾಡಬೇಡಿ ಎಂದು ಬರೆಯುತ್ತಾರೆ. ನಮ್ಮ ಯಜಮಾನರು ನಿಂಗೇಗೌಡರಿಗೂ ಅಂಥದ್ದೊಂದು ಆಸೆಯಿತ್ತು. ನಮ್ಮ ಹಿತ್ತಲಿನ ಮೂಲೆಯಲ್ಲಿ ಹಿಂದೆ ಸಿಹಿನೀರಿನ ಸೆಲೆ ಇತ್ತಂತೆ. ಅಲ್ಲೊಂದು ಬಾವಿ ತೋಡಿಸಿ ಎಂದು ಅವರ ಕಡೆಯ ಹಿರಿಯರೊಬ್ಬರಿಗೆ ಬರೆದರೆ, ನಾನು ದಿನಾ ಬೆಳಗ್ಗೆ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ ಎಂಬುದು ಅವರ ಲೆಕ್ಕಾಚಾರ. ಆ ಕಾಗದವನ್ನು ನಾನು ಕಬಡ್ಡಿಗಾಗಿ ಖರ್ಚು ಮಾಡುತ್ತಿದ್ದೇನೆ. ಹುಚ್ಚು ಅನ್ನಿಸಿದರೆ ಅನ್ನಿಸಲಿ, ಮುಂದೆ ಓದಿ.

ನೀವು ಕಟ್ಟಲಿರುವ ಹುಡುಗಿಯರ ತಂಡ ಈಗಲೂ ಇದೆ ಅಜ್ಜಿ. ಕೆಮ್ಮಣ್ಣು ಬಳಗ ಎಂದೇ ಹೆಸರು. ನಿಮ್ಮ ಶಾಲೆಯ ಹಿಂದಿನ ಬಯಲೇ ಅದರ ಅಂಕಣ. ನಮ್ಮಲ್ಲಿ ಹಗಲೆಂದರೆ ಕಷ್ಟ. ಬೆಳಗಿನ ತಿಂಡಿ ಮುಗಿದ ಮೇಲೆ ಸಂಜೆಯ ತನಕ ಬಾಗಿಲಹೊತ್ತು, ಅಂದರೆ ಬಾಗಿಲು ಹಾಕಿಕೊಂಡು ಒಳಗಿರಬೇಕಾದ ಹೊತ್ತು; ಬಿಸಿಲು ಅಷ್ಟು ಕೆಟ್ಟದ್ದು. ಬೀದಿಗಳ ಮೇಲೆ ಉದ್ದಕ್ಕೂ ನೆರಳುಬಟ್ಟೆ ಕಟ್ಟಿರುತ್ತಾರೆ. ಅದು ಹರಿದಾಗ ಹೊಲಿಯುವುದೇ ನನ್ನ ಕಸುಬು. ಸಂಜೆ ಬಾಗಿಲು ತೆರೆದಾಗ ಇಡೀ ಊರು ಮೈಮುರಿದು ಒಂದೇ ದಿಕ್ಕಿಗೆ ನಡೆಯುತ್ತದೆ, ಅಂಕಣದ ಕಡೆಗೆ. ಹುರಿಗಡಲೆ ಕಟ್ಟಿಕೊಂಡು, ಮೊಮ್ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಕಲ್ಲುಮೆಟ್ಟಿಲ ಮೇಲೆ ಕೂರುತ್ತೇವೆ. ಪಂದ್ಯವಿದ್ದರೆ ಕೂಗಾಡುತ್ತೇವೆ, ಇಲ್ಲದಿದ್ದರೆ ಅಭ್ಯಾಸ ನೋಡಿ ಬೈಯುತ್ತೇವೆ. ಮದುವೆ ಮಾತುಕತೆ, ರಾಜಿಪಂಚಾಯ್ತಿ, ಸತ್ತವರ ನೆನಪು ಎಲ್ಲ ಆ ಮೆಟ್ಟಿಲ ಮೇಲೇ ನಡೆಯುತ್ತದೆ. ಎಡಗಡೆಯ ಮೂರನೇ ಮೆಟ್ಟಿಲು ನಮ್ಮ ಮನೆಯದು. ನನ್ನ ಅವ್ವ ಅಲ್ಲಿ ಕೂತು ಕೂತು ಕಲ್ಲು ನುಣುಪಾಗಿದೆ. ಆ ತಂಡವೊಂದು ಇಲ್ಲದಿದ್ದರೆ ಸಂಜೆ ಬಾಗಿಲು ತೆರೆಯುವುದಾದರೂ ಯಾತಕ್ಕೆ ಎಂದು ನನಗೆ ತಿಳಿಯದು.

ಈಗ ಬಿಡುಗಾಲ. ಒಂದು ಲೀಗ್ ಮುಗಿದು ಇನ್ನೊಂದು ಶುರುವಾಗುವ ತನಕ ಆಟವಿಲ್ಲದ ತಿಂಗಳುಗಳಿಗೆ ಹಾಗೆನ್ನುತ್ತೇವೆ. ಆಟ ಇಲ್ಲದಿರುವುದರಿಂದ ಕೈ ಬಿಡುವು, ಬಾಯಿಗೆ ಮಾತ್ರ ಬಿಡುವಿಲ್ಲ. ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟರು ಎಂಬುದೇ ಮಾತು. ಈ ಸಲ ತಂಡದ ಮೇಲ್ವಿಚಾರಕ ಚಂದ್ರಹಾಸ ಎಂಬವರು ಐದು ಹುಡುಗಿಯರನ್ನು ಕೈಬಿಟ್ಟರು. ಅದರಲ್ಲಿ ನಮ್ಮ ಮಂಚಮ್ಮನೂ ಇದ್ದಾಳೆ. ಮಂಚಮ್ಮ ಎಂದರೆ ಹೇಗೆಂದು ನಿಮಗೆ ತಿಳಿಯಬೇಕು: ಅವಳು ಗೆರೆ ದಾಟಿ ಉಸಿರು ಹಿಡಿದು ‘ಕಬಡ್ಡಿ ಕಬಡ್ಡಿ’ ಎನ್ನಲು ಶುರುಮಾಡಿದರೆ, ಮೆಟ್ಟಿಲ ಮೇಲಿನ ನಾವೂ ಗೊತ್ತಿಲ್ಲದೆ ಉಸಿರು ಹಿಡಿದಿರುತ್ತೇವೆ. ಅವಳು ಮೂವರನ್ನು ಮುಟ್ಟಿ ಗೆರೆಗೆ ಕೈ ಚಾಚಿದ ಮೇಲೆಯೇ ಊರು ಉಸಿರು ಬಿಡುವುದು. ಅಂಥವಳನ್ನು ಬಿಟ್ಟು ದ್ಯಾವಮ್ಮಣ್ಣಿಯನ್ನು ಉಳಿಸಿಕೊಂಡರು. ಆ ಹುಡುಗಿ ಒಳ್ಳೆಯವಳು, ಎದುರು ಸಿಕ್ಕರೆ ನಮಸ್ಕಾರ ಹೇಳುತ್ತಾಳೆ. ಆದರೆ ವರ್ಷವಿಡೀ ದಾಳಿಗೆ ಹೋಗಿ ಹೋಗಿ ಅವಳು ತಂದದ್ದು ಬರಿಗೈ.

ಎಲ್ಲರೂ ತಮಗೆ ತೋಚಿದ್ದು ಹೇಳಿದರು. ವಯಸ್ಸಾಯಿತು ಎಂದರು, ಮೊಣಕಾಲು ಸರಿಯಿಲ್ಲ ಎಂದರು, ಹೊಸ ರಕ್ತ ಬೇಕು ಎಂದರು. ನನಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಮೊಣಕಾಲು ಸರಿಯಿಲ್ಲದ ಇಬ್ಬರನ್ನು ಉಳಿಸಿಕೊಂಡಿದ್ದಾರೆ, ಹತ್ತೊಂಬತ್ತರ ಹೊಸ ರಕ್ತವನ್ನು ಹೊರಗೆ ಹಾಕಿದ್ದಾರೆ. ಬಟ್ಟೆ ಹೊಲಿಯುತ್ತಾ ಆ ಐದು ಹೆಸರುಗಳನ್ನು ಹಿಂದುಮುಂದು ಮಾಡಿ ನೋಡುತ್ತಿದ್ದೆ. ಒಂದು ದಿನ ಇದ್ದಕ್ಕಿದ್ದಂತೆ ತೇಲೂರು ನೆನಪಾಯಿತು.

ತೇಲೂರು ಎಂದರೆ ಕರಾವಳಿಯಾಚೆ ಸಮುದ್ರದ ಮೇಲೆ ತೇಲುವ ಹೊಸ ಪಟ್ಟಣ. ಕಡಲು ಮುಂದೆ ಬಂದಾಗ ಅನುಕೂಲಸ್ಥರು ಹಿಂದೆ ಸರಿಯದೆ ಅದರ ಮೇಲೇ ಊರು ಕಟ್ಟಿಕೊಂಡರು. ಅಲ್ಲಿ ಎಲ್ಲವೂ ಇದೆ. ಸಾವಿರಾರು ಮೆತ್ತನೆ ಕುರ್ಚಿಗಳ ಕ್ರೀಡಾಂಗಣವೂ ಇದೆ, ಆಡುವುದಕ್ಕೆ ಸ್ವಂತ ತಂಡ ಮಾತ್ರ ಇಲ್ಲ. ಮಣ್ಣಿಲ್ಲದ ಊರಿಗೆ ತಂಡವಿಲ್ಲ ಎಂಬುದು ಲೀಗಿನ ಹಳೆಯ ಕಟ್ಟಳೆ. ಕಳೆದ ಕಾರ್ತೀಕದಲ್ಲಿ ಅವರು ನಮ್ಮ ಹುಡುಗಿಯರನ್ನು ಒಂದು ಪ್ರದರ್ಶನ ಪಂದ್ಯಕ್ಕೆ ಕರೆಸಿದ್ದರು, ನಾವೂ ಒಂದು ಬಸ್ಸು ಮಾಡಿಕೊಂಡು ಹೋಗಿದ್ದೆವು. ಅಲ್ಲಿ ಅಂಕಣವೇ ಉಯ್ಯಾಲೆಯ ಹಾಗೆ ತೂಗುತ್ತದೆ. ನಮ್ಮ ಐದು ಹುಡುಗಿಯರು ವಾಂತಿ ಮಾಡಿಕೊಂಡು ಸುಸ್ತಾದರು. ಮಂಚಮ್ಮ ಒಂದು ಕೈಯಲ್ಲಿ ಬಾಯಿ ಒರೆಸಿಕೊಂಡು ಇನ್ನೊಂದು ಕೈಯಲ್ಲಿ ಮೂವರನ್ನು ಮುಟ್ಟಿ ಬಂದಳು, ಬಂದು ಮತ್ತೆ ವಾಂತಿ ಮಾಡಿಕೊಂಡಳು. ದ್ಯಾವಮ್ಮಣ್ಣಿ ಮಾತ್ರ ಬಂಗಡೆ ಸಾರಿನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡಳು. ಈಗ ಬಿಟ್ಟಿರುವ ಐವರು ಯಾರೆಂದರೆ ಅವತ್ತು ವಾಂತಿ ಮಾಡಿಕೊಂಡ ಐವರೇ. ಒಬ್ಬಳು ಹೆಚ್ಚಿಲ್ಲ, ಒಬ್ಬಳು ಕಡಿಮೆಯಿಲ್ಲ.

ಇದನ್ನು ಯಜಮಾನರಿಗೆ ಹೇಳಿದೆ. ಅವರದು ಎಲ್ಲರನ್ನೂ ನಂಬುವ ಸ್ವಭಾವ. ಮದುವೆಯಾದಾಗಿನಿಂದ ಮನೆಯ ಅನುಮಾನವನ್ನೆಲ್ಲ ನಾನೊಬ್ಬಳೇ ಹೊರುತ್ತಿದ್ದೇನೆ. “ಬುಡಮ್ಮಿ ಅತ್ಲಾಗೆ, ನಿಂಗೆ ನೀರು ಕುಡುದ್ರೂ ಅನುಮಾನ. ಅಷ್ಟು ದೊಡ್ಡ ಮನ್ಸ ವಾಂತಿ ಎಣಿಸ್ಕಂಡು ಕೂತಿದ್ದಾನಾ?” ಎಂದರು. ಎಣಿಸಿದ್ದಾನೆ ಎಂದೇ ನನ್ನ ವಾದ. ಅಭಿಮಾನಿಗಳ ಸಭೆಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟೆ: ವಾಂತಿ ಮಾಡಿಕೊಂಡವರನ್ನೇ ಹುಡುಕಿ ಯಾಕೆ ಬಿಟ್ಟಿರಿ ಸ್ವಾಮಿ? ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಚಂದ್ರಹಾಸರು ಹೆಸರಿಗೆ ತಕ್ಕಂತೆ ಸದಾ ನಗುವವರು, ಸೋತಾಗಲೂ ನಗುತ್ತಾರೆ, ಸಾವಿನ ಮನೆಗೆ ಬಂದಾಗಲೂ ತುಟಿಯ ಕೊನೆಯಲ್ಲಿ ಒಂದಿಷ್ಟು ನಗು ಇಟ್ಟುಕೊಂಡೇ ಬರುತ್ತಾರೆ. ಅವತ್ತು ಅವರೊಬ್ಬರು ನಗಲಿಲ್ಲ.

ಆಮೇಲೆ ಹಿಡಿಮಣ್ಣಿನ ದಿನ ಬಂತು. ಇದು ನಿಮ್ಮ ಕಾಲದಲ್ಲಿ ಇರಲಾರದು, ನಿಮ್ಮ ಶಿಷ್ಯೆಯರ ಕಾಲದಲ್ಲಿ ಶುರುವಾದ ಪದ್ಧತಿ. ಬಿಡುಗಾಲದಲ್ಲಿ ಅಂಕಣವನ್ನು ಅಗೆದು ಹದ ಮಾಡುವಾಗ, ಪ್ರತಿ ಮನೆಯವರೂ ತಮ್ಮ ಹಿತ್ತಲಿಂದ ಒಂದು ಹಿಡಿ ಕೆಂಪು ಮಣ್ಣು ತಂದು ಬೆರೆಸುತ್ತಾರೆ. ಕೂಸು ಹುಟ್ಟಿದ ಮನೆಯವರು ಕೂಸಿನ ಕೈಯಿಂದಲೇ ಹಾಕಿಸುತ್ತಾರೆ. ನನ್ನ ಅವ್ವ ಕೊನೆಯ ವರ್ಷ ನಡೆಯಲಾಗದೆ ನನ್ನ ಸೆರಗಿಗೆ ಮಣ್ಣು ಕಟ್ಟಿ ಕಳಿಸಿದ್ದಳು. ಈ ವರ್ಷ ಚಂದ್ರಹಾಸರು ಹಿಡಿ ಸಾಲದು, ಮನೆಗೊಂದು ಮಂಕರಿ ತನ್ನಿ ಎಂದು ಸಾರಿಸಿದರು. ಅಂಕಣ ಎತ್ತರಿಸುತ್ತಾರಂತೆ ಎಂದುಕೊಂಡು ಜನ ಸಡಗರದಿಂದ ಮಂಕರಿ ಮಂಕರಿ ಸುರಿದರು. ನನಗೆ ತಡೆಯಲಾಗಲಿಲ್ಲ. ಇರುವುದು ಒಂದೇ ಅಂಕಣ, ಎರಡು ಅಂಕಣಕ್ಕಾಗುವಷ್ಟು ಮಣ್ಣು ಯಾಕೆ ಎಂದು ಅಲ್ಲೇ ಕೇಳಿದೆ. ಅಂಕಣದ ಗೋಡೆಯ ಮೇಲೆ ಬರೆದಿರುವ ವಚನವನ್ನು ಮರೆತಿರಾ ಎಂದೂ ಕೇಳಿದೆ. ಅವರು ಕೈಮುಗಿದು, “ತಾಯಿ, ಗೋಡೆಯ ಮಾತನ್ನು ನಾವು ಅಕ್ಷರಶಃ ಪಾಲಿಸುತ್ತೇವೆ” ಎಂದರು. ಜನ ಚಪ್ಪಾಳೆ ಹೊಡೆದರು. ಆ ಅಕ್ಷರಶಃ ಎಂಬ ಪದ ನನ್ನನ್ನು ಇವತ್ತಿಗೂ ನಿದ್ದೆ ಮಾಡಲು ಬಿಟ್ಟಿಲ್ಲ.

ಗೋಡೆಯ ಮಾತು ನಿಮ್ಮದೇ ಅಜ್ಜಿ. ಇನ್ನು ಕೆಲವೇ ದಿನಗಳಲ್ಲಿ ನೀವು ಆ ಬಯಲಿನ ಕಾಂಪೌಂಡಿಗೆ ಸುಣ್ಣ ಬಳಿದು, ನೀಲಿ ಬಣ್ಣದಲ್ಲಿ, ಆಳೆತ್ತರದ ಅಕ್ಷರದಲ್ಲಿ ಬರೆಯುತ್ತೀರಿ: ‘ನಾವು ಊರ ಮಣ್ಣಿನ ಮೇಲೆ ಆಡುವವರು.’ ಆ ಗೋಡೆಯನ್ನು ನಾವು ಇವತ್ತಿಗೂ ಬೀಳಲು ಬಿಟ್ಟಿಲ್ಲ. ನಮ್ಮ ಲೀಗಿನಲ್ಲಿ ಪ್ರತಿ ತಂಡಕ್ಕೂ ಇಂಥ ಒಂದು ಗೋಡೆಮಾತು ಇರುತ್ತದೆ, ನ್ಯಾಯಾಲಯವೂ ಅದನ್ನು ತಂಡ ಊರಿಗೆ ಕೊಟ್ಟ ವಚನ ಎಂದೇ ಎಣಿಸುತ್ತದೆ. ನೀವು ಅದನ್ನು ಬರೆದದ್ದು ಯಾಕೆಂದು ನಮ್ಮ ಮನೆಯಲ್ಲಿ ತಲೆಯಿಂದ ತಲೆಗೆ ಹೇಳಿಕೊಂಡು ಬಂದಿದ್ದೇವೆ. ಶಾಲೆಗೆ ಮೇಲಿನವರು ಕಬಡ್ಡಿಯ ಮ್ಯಾಟ್ ಕಳಿಸಿದರಂತೆ. ಇನ್ನು ಮಣ್ಣಿನಲ್ಲಿ ಆಡಬೇಡಿ, ಮ್ಯಾಟಿನ ಮೇಲೆ ಆಡಿ ಎಂದರಂತೆ. ನಿಮಗೆ ಮೈಯೆಲ್ಲ ಉರಿದು, ಬ್ರಷ್ ಹಿಡಿದು ಹೊರಟಿರಂತೆ. ನಿಮ್ಮ ಸಿಟ್ಟು ಮ್ಯಾಟಿನ ಮೇಲಿತ್ತು. ಆಡುವುದು ಊರಲ್ಲಿ ಎಂದು ಬೇರೆ ಬರೆಯಬೇಕೆಂದು ನಿಮಗೆ ತೋಚಲಿಲ್ಲ. ತಂಡವೊಂದು ಊರು ಬಿಟ್ಟು ಹೋಗಬಹುದು ಎಂದು ಯಾರಿಗೆ ತಾನೆ ತೋಚುತ್ತದೆ? ಈಗ ಚಂದ್ರಹಾಸರು ಊರ ಮಣ್ಣನ್ನು ಲಾರಿಗೆ ಹೇರಿಸಿ, ತೇಲೂರಿನಲ್ಲಿ ಹರವಿ, ಅದರ ಮೇಲೆ ತಂಡ ನಿಲ್ಲಿಸಿದರೆ ವಚನ ತಪ್ಪಿದ ಹಾಗಾಗುವುದಿಲ್ಲ. ಮಣ್ಣಿಲ್ಲದ ಊರಿಗೆ ಮಣ್ಣೂ ಆಯಿತು, ತಂಡವೂ ಆಯಿತು. ಅದಕ್ಕೆ ನಾವೇ ಮಂಕರಿ ಹೊತ್ತೆವು.

ಇಷ್ಟೆಲ್ಲ ಬರಿಯ ನನ್ನ ಅನುಮಾನವಾಗಿದ್ದರೆ ಹಿಂದಂಚೆಯ ಕಾಗದವನ್ನು ಮುಟ್ಟುತ್ತಿರಲಿಲ್ಲ. ನಿನ್ನೆ ಸಂಜೆ ಯಜಮಾನರು ಹೊಸ ಮಣ್ಣು ತುಳಿದು ಹದ ಮಾಡಲು ಎಂದಿನಂತೆ ಅಂಕಣಕ್ಕೆ ಹೋದರು. ಹೋದಷ್ಟೇ ಬೇಗ ವಾಪಸು ಬಂದು ಜಗಲಿಯ ಮೇಲೆ ಕೂತರು. ಕಾಲಿನಲ್ಲಿ ಒಂದು ಚೂರೂ ಕೆಂಪು ಇರಲಿಲ್ಲ. ರಾಶಿ ಇದ್ದ ಜಾಗದಲ್ಲಿ ಬರಿಯ ಲಾರಿ ಚಕ್ರದ ಗುರುತು ಇದೆಯಂತೆ, ಹಳೆಯ ಅಂಕಣವನ್ನೂ ಮೊಣಕಾಲುದ್ದ ಬಗೆದುಕೊಂಡು ಹೋಗಿದ್ದಾರಂತೆ. ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂಬ ಮಾತು ನನ್ನ ಬಾಯಿಯ ತನಕ ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಕೊನೆಗೆ ಅವರೇ, “ಬಾವಿ ಹಾಳಾಗೋಗ್ಲಿ ಕಣಮ್ಮಿ. ನಿಮ್ಮಜ್ಜಿಗೇ ಬರಿ” ಎಂದರು. ನಾನು ಗೆದ್ದ ಈ ವಾದದಷ್ಟು ಸಂಕಟ ಕೊಟ್ಟದ್ದು ಬೇರೊಂದಿಲ್ಲ. ನನ್ನ ಅನುಮಾನ ಸುಳ್ಳಾಗಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದು ಇದೇ ಮೊದಲು.

ಅಜ್ಜಿ, ನಿಮ್ಮಲ್ಲಿ ಬೇಡುವುದು ಒಂದೇ ಮಾತು. ಬ್ರಷ್ ಎತ್ತಿದಾಗ ಮಣ್ಣು ಎಂದು ಬರೆಯಬೇಡಿ. ‘ನಾವು ಈ ಊರಲ್ಲೇ ಆಡುವವರು’ ಎಂದು ಬರೆಯಿರಿ. ಇದನ್ನು ಕೇಳುವುದು ನನಗೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತಾಗಲಿ. ಮಣ್ಣು ಎಂದು ಬರೆಯದಿದ್ದರೆ ಮಣ್ಣು ಉಳಿಯುವುದಿಲ್ಲ, ಮ್ಯಾಟ್ ಬಂದೇ ಬರುತ್ತದೆ. ಹಿಡಿಮಣ್ಣಿನ ದಿನ ಹುಟ್ಟುವುದಿಲ್ಲ. ಕೂಸುಗಳ ಅಂಗೈ ಕೆಂಪಾಗುವುದಿಲ್ಲ. ಅವ್ವ ನನ್ನ ಸೆರಗಿಗೆ ಕಟ್ಟಿದ ಗಂಟು ನಡೆದೇ ಇರುವುದಿಲ್ಲ, ನನಗೆ ಅದರ ನೆನಪೂ ಇರುವುದಿಲ್ಲ. ಅದನ್ನೆಲ್ಲ ತಿಳಿದೇ ಕೇಳುತ್ತಿದ್ದೇನೆ. ಮ್ಯಾಟ್ ಹಾಕಲಿ ಅಜ್ಜಿ. ನೀವು ಸಿಟ್ಟು ನುಂಗಿಕೊಳ್ಳಿ, ಹುಡುಗಿಯರು ಆ ಜಾರುವ ಹಾಳು ಮ್ಯಾಟಿನ ಮೇಲೇ ಆಡಲಿ. ಇಲ್ಲಿ ಆಡಲಿ.

ಕಾಗದ ತಲುಪಿ ನೀವು ಒಪ್ಪಿಕೊಂಡರೆ ನನಗೆ ಇದನ್ನು ಬರೆದದ್ದೂ ತಿಳಿಯುವುದಿಲ್ಲ. ನಾಳೆ ಸಂಜೆ ಬಾಗಿಲು ತೆರೆದಾಗ ಹುರಿಗಡಲೆ ಕಟ್ಟಿಕೊಂಡು ಹೋಗಿ ಮೂರನೇ ಮೆಟ್ಟಿಲ ಮೇಲೆ ಕೂತಿರುತ್ತೇನೆ. ದ್ಯಾವಮ್ಮಣ್ಣಿಯನ್ನು ಯಾಕೆ ಉಳಿಸಿಕೊಂಡರು, ಇದರಲ್ಲೇನೋ ಇದೆ ಎಂದು ಗೊಣಗುತ್ತಿರುತ್ತೇನೆ. ಯಜಮಾನರು ಬುಡಮ್ಮಿ ಅತ್ಲಾಗೆ ಎನ್ನುತ್ತಾರೆ. ಆಗ ಅವರು ಹೇಳಿದ್ದೇ ಸರಿಯಾಗಿರುತ್ತದೆ.

ಇಂತಿ ನಿಮ್ಮ ಕುಡಿ,
ಕೆಂಪಾಜಿ