ಕಾರಣದ ಅಂಕಣದಲ್ಲಿ ಗ್ರೆಮ್ಲಿನ್

ಗೆಳೆಯಾ,

ನಿನ್ನ ಹೊಸ ವಿಳಾಸ ನನ್ನಲ್ಲಿದೆ. ಆದರೂ ಈ ಪತ್ರವನ್ನು ಅಂಚೆಗೆ ಹಾಕಲಾರೆ. ಇಂದು ಹ್ಯಾಂಗರಿನಲ್ಲಿ ನಡೆದದ್ದನ್ನು ಬರೆದಿಡುತ್ತೇನೆ, ಅಷ್ಟೆ.

ನಮ್ಮ ಹಳೆಯ ಸರಕು ವಿಮಾನದ ಇಂಧನ ಮಾಪಕ ಹಾರಾಟದ ನಡುವೆ ಮತ್ತೆ ಸೊನ್ನೆಗಿಳಿದು, ನೆಲ ಮುಟ್ಟಿದೊಡನೆ ಸರಿಹೋಗಿತ್ತು. ಹೊಸದಾಗಿ ಸೇರಿದ ಎಂಜಿನಿಯರ್ ನಕ್ಕರು. "ಇದು ಗ್ರೆಮ್ಲಿನ್ ಕಾಟ ಸಾರ್! ಅಂದ ಹಾಗೆ, ಆ ಪದ ಎಲ್ಲಿಂದ ಬಂತು?"

ನನಗೆ ತಿಳಿದಷ್ಟು ಹೇಳಿದೆ. ಸುಮಾರು ನೂರು ವರ್ಷಗಳ ಹಿಂದೆ ಬ್ರಿಟಿಷ್ ವಾಯುಪಡೆಯವರ ಆಡುಮಾತಿನಲ್ಲಿ ಹುಟ್ಟಿದ ಪದವದು. ಕಾರಣ ಸಿಗದ ದೋಷಗಳನ್ನೆಲ್ಲ ಗ್ರೆಮ್ಲಿನ್ ಎಂಬ ಕುಳ್ಳ ಭೂತದ ತಲೆಗೆ ಕಟ್ಟುತ್ತಿದ್ದರು. 'ಪೀಡಿಸು' ಎಂಬರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದವೊಂದು ಅದರ ಮೂಲವಿರಬಹುದು ಎನ್ನುತ್ತಾರೆ, ಖಚಿತವಿಲ್ಲ.

"ಭೂತ ಇದ್ದಿದ್ದಕ್ಕೆ ಮೆಕ್ಯಾನಿಕ್ ಬಚಾವಾದ ಅನ್ನಿ!" ಎಂದರು ಅವರು.

ನಾನು ಮಾಪಕದ ತಂತಿಗಳ ಮೇಲಿನ ಫಲಕ ಬಿಚ್ಚಿದೆ. ಹಿಡಿದಿಡುವ ಕ್ಲ್ಯಾಂಪಿಗೆ ಉಜ್ಜಿ ಉಜ್ಜಿ ತಂತಿಯ ಹೊದಿಕೆ ಸವೆದಿತ್ತು.

ನಾಲ್ಕು ವರ್ಷಗಳ ಹಿಂದೆ ಇದೇ ದೋಷ ಬಂದಾಗ, ಇಲ್ಲಿ ಮೆಕ್ಯಾನಿಕ್ ಆಗಿದ್ದ ನೀನು, "ಒಳಗೆಲ್ಲೋ ತಂತಿ ಸವೀತಿದೆ ಕಣೋ, ಪೂರ್ತಿ ಬಿಚ್ಚಿ ನೋಡೋಣ" ಎಂದಿದ್ದೆ. ವಿಮಾನ ಹೊರಡುವ ಹೊತ್ತಾಗಿತ್ತು; ನಾನು ಬಿಚ್ಚಲು ಬಿಡಲಿಲ್ಲ. ವರದಿಯ 'ಕಾರಣ' ಎಂಬ ಅಂಕಣದಲ್ಲಿ, ನೀನು ಜೋಡಣೆಯನ್ನು ಸಡಿಲವಾಗಿ ಬಿಟ್ಟಿದ್ದೆ ಎಂದು ಬರೆದು ಸಹಿ ಹಾಕಿದೆ. ಆ ವಾರವೇ ನಿನ್ನ ಕೆಲಸ ಹೋಯಿತು.

ಇಂದು ಅದೇ ಅಂಕಣದಲ್ಲಿ ತಂತಿಯ ವಿಷಯ ಬರೆದೆ. ಅಂದು ಅಲ್ಲಿ ಗ್ರೆಮ್ಲಿನ್ ಎಂದು ಬರೆದಿದ್ದರೆ ಎಲ್ಲರೂ ನಕ್ಕಿರುತ್ತಿದ್ದರು. ನೀನೂ ಇಲ್ಲೇ ನಿಂತು ನಗುತ್ತಿದ್ದೆ.