ಸಾಲು ಬಿಟ್ಟವನಿಗೆ ಸಾಲಿಲ್ಲ

ತಮ್ಮಾ ವಹೀಬ್,

ಸತ್ತವರಿಗೆ ಅಂಚೆಯಿಲ್ಲ, ಗೊತ್ತು. ಆದರೂ ಇವತ್ತಿನದನ್ನು ನಿನಗಲ್ಲದೆ ಯಾರಿಗೆ ಬರೆಯಲಿ?

ಕೂಲಿಗೆಂದು ಜೆರುಸಲೇಮಿಗೆ ದಾಟುವ ತಪಾಸಣೆ ಗೇಟಿನಲ್ಲಿ ಬೆಳಗಿನ ಜಾವ ಎಂದಿನಂತೆ ಕಂಬಿಗಳ ನಡುವೆ ಒತ್ತಿಕೊಂಡು ನಿಂತಿದ್ದೆವು. ಸೈನಿಕರು ಗೇಟನ್ನು ತಟ್ಟನೆ ಮುಚ್ಚಿದರು. ಯಾಕೆಂದು ಕೇಳುವವರಿಲ್ಲ, ಹೇಳುವವರೂ ಇಲ್ಲ. ಹಿಂದಿನವರು ನೂಕಿದರು. ಎರಡು ವರ್ಷದ ಹಿಂದೆ ನೀನು ಬಿದ್ದ ಜಾಗದಲ್ಲೇ ಟೈಲ್ಸ್ ಕೆಲಸದವನೊಬ್ಬ ಎದೆ ಹಿಡಿದುಕೊಂಡು ಕುಸಿದ. ನಾನು ಅವನನ್ನು ತಬ್ಬಿ ಸಾಲಿನಿಂದ ಹೊರಗೆ ಎಳೆದೆ.

"ಹಾಜಿ, ತಲೆ ಕೆಟ್ಟಿದೆಯಾ? ಸಾಲು ಬಿಟ್ಟೋನಿಗೆ ಸಾಲಿಲ್ಲ!" ಎಂದು ಒಬ್ಬ ಕೂಗಿದ.

"ಬಿಡೋ, ಹಾಜಿಗೆ ಇವತ್ತು ರಜಾ ಬೇಕಂತೆ," ಎಂದು ಇನ್ನೊಬ್ಬ ನಕ್ಕ.

ಹೊರಗೆ ಕೂರಿಸಿ ನೀರು ಕುಡಿಸಿದೆ. ಅವನು ಕಣ್ಣುಬಿಟ್ಟು ಮೊದಲು ಕೇಳಿದ್ದು, "ಚಿಕ್ಕಪ್ಪಾ, ನಿಮ್ಮ ಕೆಲಸ ಹೋಯ್ತಲ್ಲ?"

ಹೋಯಿತು. ನಾಳೆಯಿಂದ ಬರಬೇಡ ಎಂದು ಮೇಸ್ತ್ರಿ ಫೋನಿನಲ್ಲೇ ಹೇಳಿದ.

ಊರೆಲ್ಲ ನನ್ನನ್ನು ಹೊಗಳುತ್ತಿದೆ. ನಿನ್ನ ಹೆಂಡತಿ ಸಮೀಹಾ ಚಹಾ ತಂದುಕೊಟ್ಟು, "ಭಾವಾ, ಅವತ್ತು ಅವರು ಬಿದ್ದಾಗ ನೀವು ಹತ್ತಿರ ಇದ್ದಿದ್ರೆ ಉಳೀತಿದ್ರು," ಅಂದಳು.

ಚಹಾ ಚೆನ್ನಾಗಿದೆ ಎಂದೆ.

ಅವತ್ತು ನೀನು ಎರಡು ಸಲ ಕರೆದೆ, ನನಗೆ ಕೇಳಿಸಿತು. ನಮ್ಮ ನಡುವೆ ಇಬ್ಬರೇ ಇದ್ದರು. ಆದರೆ ಗೇಟು ತೆರೆದಿತ್ತು, ನನ್ನ ಸರದಿ ಬಂದಿತ್ತು, ವಹೀಬ್.

ನಿನ್ನ ಅಣ್ಣ